ಕಲ್ಲಿನ ಬೆನ್ನು

ಒಡವೆಗೆ ಎರಡು ಮುಖಗಳುಂಟು. ಒಂದು ನೋಡುವವರ ಕಡೆಗೆ ತಿರುಗಿರುವದು. ಮತ್ತೊಂದು ತೊಟ್ಟವರ ಮೈಗೆ ತಾಗಿಕೊಂಡಿರುವದು. ಮೊದಲನೆಯದನ್ನು ಕವಿಗಳು ಬಣ್ಣಿಸಿದ್ದಾರೆ, ನೆರೆಹೊರೆಯವರು ಹೊಗಳಿದ್ದಾರೆ, ಕಳ್ಳರೂ ಕಣ್ಣಿಟ್ಟಿದ್ದಾರೆ. ಎರಡನೆಯದರ ಗೋಜಿಗೆ ಯಾರೂ ಹೋಗುವದಿಲ್ಲ. ಅದನ್ನು ಪೂರ್ತಿಯಾಗಿ ಬಲ್ಲವನು ಅದನ್ನು ಮಾಡಿದ ಅಕ್ಕಸಾಲಿಗನೊಬ್ಬನೇ. ಅದರಲ್ಲಿಯೂ ಕಲ್ಲು ಕೂರಿಸಿದ ಒಡವೆಯಾದರೆ, ತೊಟ್ಟವರಿಗೂ ಆ ಕಲ್ಲಿನ ಬೆನ್ನು ಕಾಣದು. ಕಲ್ಲಿನ ಹಿಂದೆ ಲೋಹದ ಗೋಡೆ. ಗೋಡೆಯ ಒಳಗೆ ಕತ್ತಲು. ಆ ಕತ್ತಲಲ್ಲಿ ಏನಿದೆಯೆಂಬದು ಒಡವೆಯು ಮತ್ತೊಮ್ಮೆ ಅಕ್ಕಸಾಲಿಗನ ಕೈಗೆ ಬರುವ ವರೆಗೆ, ಕೆಲವು ಸಲ ಎರಡು ಮೂರು ತಲೆಮಾರುಗಳ ವರೆಗೆ, ಗುಟ್ಟಾಗಿಯೇ ಉಳಿಯುವದು. ೨೦೨೫ರ ಶ್ರಾವಣಮಾಸದಲ್ಲಿ ವಿಜಯಪುರದ ಹಳೆಯ ಪೇಟೆಯ ಒಂದು ಚಿಕ್ಕ ಅಂಗಡಿಯಲ್ಲಿ ಇಂಥ ಒಂದು ಗುಟ್ಟು ಬಯಲಿಗೆ ಬಂದಿತು. ಅದರ ಬೆಲೆ ದೊಡ್ಡದಲ್ಲ. ಆದರೆ ಅದರಿಂದ ಇಬ್ಬರು ವೃದ್ಧರ ನಿದ್ದೆ ಕೆಟ್ಟಿತು.

ವಿಜಯಪುರಕ್ಕೆ ಬಂದ ಪ್ರವಾಸಿಗಳು ಗೋಳಗುಮ್ಮಟವನ್ನು ನೋಡಿದ ತರುವಾಯ ಜುಮ್ಮಾ ಮಸೀದಿಗೆ ಹೋಗಿ, ಅಲ್ಲಿಯ ಮಿಹ್ರಾಬಿನ ಮೇಲಿರುವ ಚಿನ್ನದ ಲೇಪವನ್ನು ಕಂಡು ಬೆರಗಾಗುವದುಂಟು. ಅದು ಆದಿಲಶಾಹಿ ದರಬಾರದ ಚಿನ್ನ. ೧೬೮೬ರಲ್ಲಿ ಔರಂಗಜೇಬನು ನಗರವನ್ನು ಗೆದ್ದುಕೊಂಡ ಮೇಲೆ ದರಬಾರವು ಮುಗಿಯಿತು. ಚಿನ್ನವು ಗೋಡೆಯ ಮೇಲೆ ಉಳಿಯಿತು. ಆದರೆ ಸುತ್ತಲಿನ ಹಳ್ಳಿಗಳ ಒಕ್ಕಲುಮಕ್ಕಳ ಲೋಹವು ಬಹುಕಾಲ ಬೆಳ್ಳಿಯೇ ಆಗಿದ್ದಿತು. ಲಿಂಗಾಯತರು ಇಷ್ಟಲಿಂಗವನ್ನಿಟ್ಟುಕೊಳ್ಳುವ ಗುಂಡಗಡಿಗೆ ಮತ್ತು ಚೌಕಗಳು ಬೆಳ್ಳಿಯವು. ತಾಂಡಾಗಳ ಲಂಬಾಣಿ ಹೆಂಗಸರ ಕೆನ್ನೆಯ ಪಕ್ಕದಲ್ಲಿ ತೂಗುವ ಘುಗರಿ, ತೋಪ್ಲಿಗಳು ಬೆಳ್ಳಿಯವು. ಮುಸಲ್ಮಾನ ಗಂಡಸರಿಗೆ ಚಿನ್ನವು ನಿಷಿದ್ಧವಾದ್ದರಿಂದ ಅವರು ಕೆಂಪು ಅಕೀಕಿನ ಕಲ್ಲನ್ನಿಟ್ಟು ತೊಡುವ ಉಂಗುರವೂ ಬೆಳ್ಳಿಯದೇ. ಆ ಚಿಕ್ಕ ಅಂಗಡಿಯ ಕಟ್ಟೆಯ ಮೇಲೆ ಈ ಮೂರು ಬಗೆಯ ಜನರೂ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ತಮ್ಮ ಸರದಿಯನ್ನು ಕಾಯುತ್ತಿದ್ದರು. ಯಾರ ದೇವರು ಯಾವನಾದರೂ ಬೆಳ್ಳಿಯು ಕರಗಲು ೯೬೨ ಡಿಗ್ರಿಯ ಕಾವು ಬೇಕೇ ಬೇಕು. ಕುಲುಮೆಯು ಜಾತಿಯನ್ನು ಕೇಳುವದಿಲ್ಲ.

ಅಂಗಡಿಯ ಪತ್ತಾರರಿಗೆ ಅರವತ್ತೆಂಟು ವರ್ಷ ವಯಸ್ಸು. ಅವರ ತಂದೆ ಕುಳಿತ ಮಣೆಯ ಮೇಲೆಯೇ ಅವರು ಕುಳಿತಿರುವರು. ಮಗನು ಈ ಕಸಬನ್ನು ಮುಂದುವರಿಸದೆ, ತಯಾರಾದ ಒಡವೆಗಳನ್ನು ತಂದು ಮಾರುವ ವ್ಯಾಪಾರವನ್ನು ಹಿಡಿದಿರುವನು. ಅದರಲ್ಲಿ ತಪ್ಪೇನೂ ಇಲ್ಲ. ಯಂತ್ರವು ದಿನವೊಂದಕ್ಕೆ ಮಾಡುವಷ್ಟು ಕಾಲ್ಗೆಜ್ಜೆಗಳನ್ನು ಕೈಯಿಂದ ಮಾಡಲು ತಿಂಗಳುಗಳೇ ಬೇಕು. ಆದರೆ ಹಳೆಯ ಒಡವೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸವು ಯಂತ್ರಕ್ಕೆ ಬಾರದು. ಅಂಥ ಕೆಲಸಕ್ಕೆ ಜನರು ಇನ್ನೂ ವೃದ್ಧ ಪತ್ತಾರರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹೀಗೆ ಬಂದವರಲ್ಲಿ ತಿಕೋಟಾದ ಕಡೆಯ ಒಬ್ಬ ಅಜ್ಜಿಯೂ ಇದ್ದಳು. ತಿಕೋಟಾ ಊರು ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ಸುಮಾರು ೨೦ ಕಿಲೋಮೀಟರು ದೂರದಲ್ಲಿದೆ. ಹಿಂದೆ ಮಳೆಯನ್ನೇ ನಂಬಿ ಬಿಳಿಜೋಳವನ್ನು ಬೆಳೆಯುತ್ತಿದ್ದ ಆ ಸೀಮೆಯಲ್ಲಿ ಈಗ ದ್ರಾಕ್ಷಿಯ ಚಪ್ಪರಗಳೂ ಮಣೂಕ ಒಣಗಿಸುವ ನೆರಳುಮನೆಗಳೂ ಎದ್ದಿವೆ. ಅಜ್ಜಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳನ್ನು ಕೊಟ್ಟ ಊರು ಬಬಲೇಶ್ವರ. ಅದು ನಗರದಿಂದ ನೈಋತ್ಯಕ್ಕೆ, ಜಮಖಂಡಿಯ ದಾರಿಯಲ್ಲಿ. ಮಗನ ಮಗಳೊಬ್ಬಳು, ಮಗಳ ಮಗಳೊಬ್ಬಳು. ಇಬ್ಬರೂ ಒಂದೇ ವಯಸ್ಸಿನವರು, ಇಬ್ಬರೂ ಓದುವವರು. ಅಜ್ಜಿಯು ಕೆಂಪು ವಸ್ತ್ರದ ಗಂಟನ್ನು ಬಿಚ್ಚಿ ತನ್ನ ಬೆಳ್ಳಿಯ ಡಾಬನ್ನು ಪತ್ತಾರರ ಮುಂದಿಟ್ಟಳು.

“ಅಣ್ಣಾ, ಇದನ್ನು ಎರಡು ಪಾಲು ಮಾಡಿಕೊಡಬೇಕು. ನಾನು ಕಣ್ಣು ಮುಚ್ಚಿದ ಮೇಲೆ ತಿಕೋಟಾದವರೂ ಬಬಲೇಶ್ವರದವರೂ ಇದನ್ನು ಹಿಡಿದು ಜಗ್ಗಾಡಬಾರದು” ಎಂದು ಹೇಳಿದಳು.

ಡಾಬು ಎಂದರೆ ನಡುಪಟ್ಟಿ. ಸರಪಳಿಯಂತೆ ಹೆಣೆದ ಅಗಲವಾದ ಪಟ್ಟಿ. ಮುಂಭಾಗದಲ್ಲಿ ಒಂದು ದುಂಡು ಬಿಲ್ಲೆ. ಬಿಲ್ಲೆಯ ನಡುವೆ ತಾವರೆಯ ಆಕಾರದಲ್ಲಿ ಐದು ಕೆಂಪು ಕಲ್ಲುಗಳು. ಪತ್ತಾರರು ತೂಗಿ ನೋಡಿದರು. ಸುಮಾರು ಮೂವತ್ತು ತೊಲೆ ಬಂದಿತು. ಅದನ್ನು ಮಾಡಿಸಿದ್ದು ಹೇಗೆಂಬದನ್ನು ಅಜ್ಜಿಯು ಹೇಳುವ ಮೊದಲೇ ಅವರು ಊಹಿಸಿದರು. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಯು ಸರಿಯಾಗಿ ಒಂದು ತೊಲೆ, ಎಂದರೆ ೧೧.೬೬ ಗ್ರಾಂ ತೂಗುತ್ತಿದ್ದಿತು. ಅದರಲ್ಲಿ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಆದಕಾರಣ ಹಳ್ಳಿಯ ಜನರು ಒಡವೆ ಬೇಕಾದಾಗ ರೂಪಾಯಿಗಳನ್ನೇ ಎಣಿಸಿ ಪತ್ತಾರರ ಕೈಗೆ ಕೊಡುತ್ತಿದ್ದರು, ಎಣಿಕೆಯೇ ತೂಕವಾಗುತ್ತಿದ್ದಿತು. ೧೯೪೦ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ೧೯೪೭ರಲ್ಲಿ ನಿಕ್ಕಲಿನ ರೂಪಾಯಿಯನ್ನು ಹೊರಡಿಸಿತು. ಆ ಪದ್ಧತಿಯೂ ಅಲ್ಲಿಗೆ ನಿಂತಿತು. ಅಜ್ಜಿಯ ಡಾಬು ಅದಕ್ಕೂ ಹಿಂದಿನದು. ಅವಳ ಅತ್ತೆಯ ಮದುವೆಗೆ ಮೂವತ್ತು ರಾಣಿಛಾಪಿನ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದಂತೆ.

ಬಬಲೇಶ್ವರದ ಅಳಿಯನು ಒಂದು ಅಂಗಡಿಯಲ್ಲಿ ಅದರ ಬೆಲೆಯನ್ನು ಕೇಳಿಸಿದ್ದನು. ಆ ವರ್ಷ ಕಿಲೋ ಬೆಳ್ಳಿಯ ಬೆಲೆಯು ಒಂದು ಲಕ್ಷ ರೂಪಾಯಿಗಳನ್ನು ದಾಟಿದ್ದರಿಂದ ಡಾಬಿಗೆ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲದ ಮೌಲ್ಯವಿದ್ದಿತು. ಆ ಅಂಗಡಿಯವನು ಕಲ್ಲುಗಳನ್ನು ಕಿತ್ತು ಬದಿಗಿಟ್ಟು ಬರಿಯ ಬೆಳ್ಳಿಯನ್ನು ತೂಗುವದಾಗಿ ಹೇಳಿದನು. “ಕಲ್ಲಿಗೆ ಏನು ಕೊಡುವಿರಿ?” ಎಂದು ಅಜ್ಜಿಯು ಕೇಳಿದಾಗ, “ಕಲ್ಲಿಗೆ ಯಾರು ಕೊಡುತ್ತಾರೆ, ಅಜ್ಜೀ? ಬೇಕಾದರೆ ಮನೆಗೆ ಒಯ್ಯಿರಿ” ಎಂದನಂತೆ. ಅವನ ಮಾತು ಪೇಟೆಯ ರೂಢಿಗೆ ತಪ್ಪಾದದ್ದಲ್ಲ. ಆದರೆ ಐವತ್ತು ವರ್ಷ ಮೀರಿ ಹಬ್ಬಹುಣ್ಣಿಮೆಗೆ ನಡುವಿಗೆ ಕಟ್ಟಿಕೊಂಡದ್ದರ ನಟ್ಟನಡುವಿನ ಭಾಗಕ್ಕೆ ಬೆಲೆಯೇ ಇಲ್ಲವೆಂದರೆ ಆಕೆಯ ಮನಸ್ಸು ಹೇಗೆ ಒಪ್ಪೀತು? ಅವಳು ಡಾಬನ್ನು ಗಂಟು ಕಟ್ಟಿಕೊಂಡು ನೆಟ್ಟಗೆ ಹಳೆಯ ಪೇಟೆಗೆ ಬಂದಳು. ಪಟ್ಟಿಯ ಬೆಳ್ಳಿಯಿಂದ ಮೊಮ್ಮಕ್ಕಳಿಬ್ಬರಿಗೆ ಒಂದೊಂದು ಜೊತೆ ಕಾಲಸರಪಳಿ, ಐದು ಕಲ್ಲುಗಳಲ್ಲಿ ಎರಡೆರಡನ್ನಿಟ್ಟು ಇಬ್ಬರಿಗೂ ಒಂದೊಂದು ಪದಕ, ಉಳಿದ ಒಂದರಿಂದ ತನಗೆ ಒಂದು ಉಂಗುರ. ಇದು ಅವಳು ಹಾಕಿಕೊಂಡ ಲೆಕ್ಕ.

ಆ ಕಲ್ಲುಗಳನ್ನು ಮನೆಯವರು ಮಾಣಿಕವೆಂದೇ ಕರೆಯುತ್ತ ಬಂದಿದ್ದರು. ಪತ್ತಾರರು ಅವು ಮಾಣಿಕವಲ್ಲವೆಂಬದನ್ನು ಮೊದಲ ನೋಟದಲ್ಲಿಯೇ ತಿಳಿದರು. ಮಾಣಿಕದ ಕೆಂಪಿನಲ್ಲಿ ಗುಲಾಬಿಯ ಛಾಯೆಯಿರುವದು. ಇವುಗಳ ಕೆಂಪು ದಾಳಿಂಬದ ಕಾಳಿನಂತೆ ತುಸು ಕಪ್ಪಿಗೆ ತಿರುಗಿದ್ದಿತು. ಇಂದು ಇವನ್ನು ಗಾರ್ನೆಟ್ ಎನ್ನುವರು. ಪ್ರಾಚೀನರ ಪುಲಕವು ಇದೇ ಎಂದು ವಿದ್ವಾಂಸರ ಮತ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಎಣಿಸಿದ ಇಪ್ಪತ್ತೆರಡು ರತ್ನಗಳಲ್ಲಿ ಪುಲಕವೂ ಸೇರಿರುವದರಿಂದ ಅದು ಕುಲವಿಲ್ಲದ ಕಲ್ಲೇನೂ ಅಲ್ಲ. ಹೆಸರು ತಪ್ಪುವದು ದೊಡ್ಡ ಅಪರಾಧವೂ ಅಲ್ಲ. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿರುವ, ‘ಕಪ್ಪು ರಾಜಕುಮಾರನ ಮಾಣಿಕ್ಯ’ವೆಂದು ಪ್ರಸಿದ್ಧವಾದ ಕಲ್ಲು ಸ್ಪಿನೆಲ್ ಎಂಬ ಬೇರೊಂದು ಜಾತಿಯದೆಂದು ತಿಳಿದ ಮೇಲೆಯೂ ಅದನ್ನು ಯಾರೂ ಕಿತ್ತು ಎಸೆಯಲಿಲ್ಲ. ಅರಸರ ಮನೆಯಲ್ಲಿ ಸಲ್ಲುವ ಭ್ರಾಂತಿಯು ತಿಕೋಟಾದ ಒಕ್ಕಲಿಗರ ಮನೆಯಲ್ಲಿ ಸಲ್ಲಬಾರದೆ? ಭೂಮಿಯಲ್ಲಿ ಹುಟ್ಟಿದ ಕಲ್ಲು ತನ್ನ ಹೆಸರನ್ನು ತಾನು ಹೇಳಿಕೊಳ್ಳುವದಿಲ್ಲ.

ಎರಡನೆಯದು ಬೆಳಕಿನ ಉಪಾಯ. ಹಳೆಯ ಕೈಗೆಲಸದಲ್ಲಿ ಕಲ್ಲನ್ನು ಕೂರಿಸುವ ಕ್ರಮವು ಹೀಗೆ: ಬೆಳ್ಳಿಯ ತಗಡಿನಿಂದ ಕಲ್ಲಿನ ಅಳತೆಗೆ ಒಂದು ಗೂಡನ್ನು ಮಾಡಿ ಬಿಲ್ಲೆಗೆ ಬೆಸೆಯುವರು. ಗೂಡಿನ ತಳಕ್ಕೆ ಅರಗನ್ನು ತುಂಬಿ, ಅದರ ಮೇಲೆ ಬಣ್ಣ ಬಳಿದ, ಹೊಳೆಯುವ ತೆಳುವಾದ ತಗಡಿನ ಚೂರನ್ನಿಟ್ಟು, ಅದರ ಮೇಲೆ ಕಲ್ಲನ್ನಿಡುವರು. ಬಳಿಕ ಗೂಡಿನ ಅಂಚನ್ನು ಸುತ್ತಲೂ ಒತ್ತಿ ಕಲ್ಲಿನ ಕೊರಳಿಗೆ ಮಡಚುವರು. ಕಲ್ಲನ್ನು ಹಾಯ್ದ ಬೆಳಕು ತಗಡಿಗೆ ತಾಗಿ ತಿರುಗಿ ಬರುವದರಿಂದ ಮಂದವಾದ ಕಲ್ಲೂ ಒಳಗೆ ದೀಪವಿಟ್ಟಂತೆ ಬೆಳಗುವದು. ಇದನ್ನು ವಂಚನೆಯೆನ್ನಲಾಗದು. ಮದುವಣಗಿತ್ತಿಗೆ ಕಾಡಿಗೆ ಹಚ್ಚಿದರೆ ಕಣ್ಣು ಸುಳ್ಳಾಗುವದೆ? ಖಂಬಾತದ ಕುಶಲಕರ್ಮಿಗಳು ಅಕೀಕಿನ ಕಲ್ಲನ್ನು ಬೆಂಕಿಯಲ್ಲಿ ಬೇಯಿಸಿ ಅದರ ಕೆಂಪನ್ನು ಹೆಚ್ಚಿಸುವದು ಸಾವಿರಾರು ವರ್ಷಗಳ ವಿದ್ಯೆ. ಅಲ್ಲಿಯೂ ಕಲ್ಲು ಕಲ್ಲೇ.

ಆದರೆ ಇದೇ ಮುಚ್ಚಿದ ಗೂಡಿನಲ್ಲಿ ಮೂರನೆಯದೊಂದಕ್ಕೂ ಎಡೆಯುಂಟು. ಕೆಂಪು ತಗಡಿನ ಮೇಲೆ ಕಲ್ಲಿನ ಬದಲು ಗಾಜಿನ ತುಣುಕನ್ನಿಟ್ಟರೆ ಎದುರಿನಿಂದ ನೋಡುವವರಿಗೆ ಸುಲಭವಾಗಿ ತಿಳಿಯದು.

ಪತ್ತಾರರು ಒಂದು ಮಧ್ಯಾಹ್ನ ಬಿಲ್ಲೆಯನ್ನು ಅರಗಿನ ಹಲಗೆಗೆ ಅಂಟಿಸಿ ಕಲ್ಲುಗಳನ್ನು ಬಿಡಿಸಲು ಕುಳಿತರು. ಮೊದಲಿನ ನಾಲ್ಕು ಸರಾಗವಾಗಿ ಬಂದವು. ಒಂದೊಂದನ್ನೂ ಒರೆಸಿ ಕೆನ್ನೆಗೆ ತಾಗಿಸಿಕೊಂಡರು, ತಣ್ಣಗಿದ್ದವು. ಐದನೆಯದನ್ನು ತಾಗಿಸಿದಾಗ ಆ ತಂಪು ಕಾಣಿಸಲಿಲ್ಲ. ಕಲ್ಲು ಮೈಯ ಶಾಖವನ್ನು ಬೇಗನೆ ಎಳೆದುಕೊಳ್ಳುವದರಿಂದ ತಣ್ಣಗೆನಿಸುವದು. ಗಾಜಿಗೆ ಅಷ್ಟು ಶಕ್ತಿಯಿಲ್ಲ. ಭೂತಗನ್ನಡಿಯನ್ನು ಹಿಡಿದು ನೋಡಿದರು. ಒಳಗೆ ಸಾಸಿವೆಗಿಂತ ಸಣ್ಣವಾದ ಎರಡು ದುಂಡು ಗುಳ್ಳೆಗಳು. ಕಡೆಗೆ, ಬೇಡಬೇಡವೆನ್ನುತ್ತಲೇ, ಬಿಡಿಸಿದ ಒಂದು ಕಲ್ಲಿನ ಅಂಚನ್ನು ಅದರ ಬೆನ್ನಿಗೆ ಎಳೆದರು. ಬಿಳಿಯ ಗೆರೆ ಮೂಡಿತು. ೧೮೧೨ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಪಂಡಿತನು ಗೊತ್ತುಮಾಡಿದ ಕಾಠಿಣ್ಯದ ಅಳತೆಯಲ್ಲಿ ಗಾರ್ನೆಟ್ಟಿಗೆ ಸುಮಾರು ಏಳನೆಯ ಸ್ಥಾನ, ಗಾಜಿಗೆ ಐದೂವರೆ. ಪತ್ತಾರರು ಆ ಪಂಡಿತನ ಹೆಸರನ್ನು ಕೇಳಿದವರಲ್ಲ. ಆದರೆ ಗೆರೆಯ ಅರ್ಥವು ಅವರಿಗೆ ಗೊತ್ತಿದ್ದಿತು.

ಗಾಜು ಸಿಕ್ಕಿತೆಂದು ಅವರು ಬೆವರಲಿಲ್ಲ. ಹಳೆಯ ಒಡವೆಗಳಲ್ಲಿ ಗಾಜು ಸಿಕ್ಕುವದು ಅಪೂರ್ವವಲ್ಲ. ಆದರೆ ಆ ಐದನೆಯ ಗೂಡಿನ ಅಂಚನ್ನು ಮಡಚಿದ ರೀತಿಯು ಉಳಿದ ನಾಲ್ಕರಂತೆ ಇರಲಿಲ್ಲ. ಅಂಚಿನ ಮೇಲೆ ಉಳಿಯನ್ನು ಬಲಗಡೆಗೆ ತುಸು ವಾಲಿಸಿ ಒತ್ತಿದ ಗುರುತುಗಳಿದ್ದವು. ಹಾಗೆ ಉಳಿಯನ್ನು ಹಿಡಿಯುತ್ತಿದ್ದವರು ಒಬ್ಬರೇ, ಅವರ ತಂದೆ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಆ ಕೈಯನ್ನು ನೋಡಿ ಕಲಿತವರಿಗೆ ಅದು ಸಹಿಯಷ್ಟೇ ಸ್ಪಷ್ಟವಾಗಿದ್ದಿತು.

ಅಕ್ಕಸಾಲಿಗನ ಮೇಲೆ ಸಂಶಯಪಡುವದು ಲೋಕದ ಹಳೆಯ ಚಾಳಿ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಸಾಲಿಗರು ಕದಿಯುವ ಉಪಾಯಗಳನ್ನೆಲ್ಲ ಒಂದೊಂದಾಗಿ ಎಣಿಸಿದೆ: ತಕ್ಕಡಿಯ ಮೋಸ, ಲೋಹವನ್ನು ಸರಿಸುವ ಮೋಸ, ಒಳಗೊಂದು ಹೊರಗೊಂದು ತಗಡಿಟ್ಟು ಮುಚ್ಚುವ ಮೋಸ. ಒರೆಗಲ್ಲಿನಲ್ಲಿ ಯಾವದು ಶ್ರೇಷ್ಠವೆಂಬದನ್ನು ಹೇಳಿದ ಗ್ರಂಥವೇ ಒರೆಗಲ್ಲನ್ನು ಹಿಡಿದವನನ್ನು ನಂಬಬೇಡವೆಂದೂ ಸೂಚಿಸುವದು. ಇಷ್ಟು ಶತಮಾನಗಳ ಅಪವಾದವನ್ನು ಹೊತ್ತ ಕಸಬಿನಲ್ಲಿ ಒಂದು ಮನೆತನವು ‘ನಂಬಿಗೆಯ ಅಂಗಡಿ’ಯೆನಿಸಿಕೊಳ್ಳಬೇಕಾದರೆ ಎಷ್ಟು ಜನ್ಮದ ತಪಸ್ಸು ಬೇಕು! ಆ ಹೆಸರೊಂದೇ ತಂದೆಯು ಬಿಟ್ಟುಹೋದ ಆಸ್ತಿ. ಈಗ ಬೆರಳಿನ ತುದಿಯಲ್ಲಿದ್ದ ಒಂದು ಗಾಜಿನ ತುಣುಕು ಆ ಆಸ್ತಿಯನ್ನೇ ಅಡವಿಟ್ಟಂತೆ ಮಾಡಿತು. ತಂದೆಯು ನಿಜವಾದ ಕಲ್ಲನ್ನು ತೆಗೆದುಕೊಂಡು ಗಾಜನ್ನು ಕೂರಿಸಿದ್ದರೆ?

ಪತ್ತಾರರು ಮೂರು ದಿನ ಆ ಬಿಲ್ಲೆಯನ್ನು ಮುಟ್ಟಲಿಲ್ಲ. ಮಗನಿಗೆ ಹೇಳಿದಾಗ ಅವನು ನಕ್ಕು, “ಒಂದು ಗಾರ್ನೆಟ್ಟಿಗೆ ಎಷ್ಟಾದೀತು, ಅಪ್ಪಾ? ಅಂಥದೇ ಒಂದನ್ನು ತಂದು ಕೂರಿಸಿರಿ, ಅಜ್ಜಿಗೂ ಗೊತ್ತಾಗದು, ನಮಗೂ ಭಾರವಾಗದು” ಎಂದನು. ಮಾತು ಒಳ್ಳೆಯ ಮನಸ್ಸಿನದೇ. ಹಾಗೆ ಮಾಡಿದರೆ ಯಾರಿಗೂ ನಷ್ಟವಿರಲಿಲ್ಲ. ಪತ್ತಾರರೂ ಒಂದು ರಾತ್ರಿ ಅದಕ್ಕೆ ಒಪ್ಪಿದರು. ಬೆಳಗಾಗುವಷ್ಟರಲ್ಲಿ ಆ ಒಪ್ಪಿಗೆ ಹಳಸಿದ್ದಿತು. ಕಲ್ಲನ್ನು ತಂದು ಕೂರಿಸಬಹುದು. ಆದರೆ ತಾವು ಮುಚ್ಚುವ ಗೂಡಿನ ಕತ್ತಲೆಯಲ್ಲಿ ತಂದೆಯ ತಪ್ಪೊಂದು, ತಮ್ಮ ತಪ್ಪೊಂದು, ಹೀಗೆ ಎರಡು ಸೇರಿ ಕುಳಿತುಕೊಳ್ಳುವವು. ಮುಂದಿನ ತಲೆಮಾರಿನ ಯಾವನೋ ಒಬ್ಬನು ಅದನ್ನು ಬಿಚ್ಚುವಾಗ ಏನೆಂದಾನು?

ನಾಲ್ಕನೆಯ ದಿನ ಅವರು ಗೂಡುಗಳನ್ನು ಶುಚಿಮಾಡಲು ಕುಳಿತರು. ಹಳೆಯ ಅರಗನ್ನು ಕಾಯಿಸಿ ಸಲಾಕೆಯಿಂದ ಕೆರೆದು ತೆಗೆದರು. ನಾಲ್ಕು ಗೂಡುಗಳ ತಳವು ಬರಿದಾಗಿದ್ದಿತು. ಐದನೆಯದರ ಅರಗು ಕಳಚಿ ಬಿದ್ದಾಗ ತಳದ ಬೆಳ್ಳಿಯ ಮೇಲೆ ಏನೋ ಗೀರಿದ್ದು ಕಂಡಿತು. ಭೂತಗನ್ನಡಿಯನ್ನು ಹಿಡಿದರು. ಸೂಜಿಯ ಮೊನೆಯಿಂದ, ಓರೆಯಾದ ಅಕ್ಷರಗಳಲ್ಲಿ, ಎರಡೇ ಅಕ್ಷರಗಳ ಒಂದು ಶಬ್ದ: ‘ಗಾಜು’. ಅದರ ಕೆಳಗೆ ‘೭೪’.

ಕದ್ದವನು ಕದ್ದ ಸ್ಥಳದಲ್ಲಿ ಹೆಸರು ಬರೆದಿಡುವದಿಲ್ಲ. ತಂದೆಯು ಗಾಜನ್ನು ಗಾಜೆಂದೇ ಬರೆದು ಕೂರಿಸಿದ್ದರು. ಪತ್ತಾರರ ಎದೆಯ ಭಾರವು ಅರ್ಧ ಇಳಿಯಿತು. ಉಳಿದ ಅರ್ಧವು ಮತ್ತೊಂದು ಪ್ರಶ್ನೆಯಾಗಿ ನಿಂತಿತು. ಬರೆದದ್ದು ಯಾರಿಗಾಗಿ? ಅಜ್ಜಿಗೆ ಇದು ಗೊತ್ತಿದ್ದಿತೆ? ಗೊತ್ತಿಲ್ಲದಿದ್ದರೆ ಅವಳ ಮನೆಯಲ್ಲಿ ಯಾರಿಗೆ ಗೊತ್ತಿದ್ದಿತು? ಸತ್ತವರೊಬ್ಬರ ಮರ್ಯಾದೆಯನ್ನು ಉಳಿಸಲು ಹೋಗಿ ಇನ್ನೊಬ್ಬ ಸತ್ತವರ ಮರ್ಯಾದೆಯನ್ನು ಕಳೆಯಬೇಕಾದೀತೆ? ಆದರೂ ಈಗ ಮಾತನಾಡದೆ ಇರುವ ಹಾದಿಯಿರಲಿಲ್ಲ.

ಅಜ್ಜಿಯು ಹೇಳಿದ ದಿನಕ್ಕೆ ಬಂದಳು. ಪತ್ತಾರರು ನಾಲ್ಕು ಕಲ್ಲುಗಳನ್ನು ಒಂದು ಕಡೆಗೆ, ಗಾಜನ್ನು ಒಂದು ಕಡೆಗೆ ಇಟ್ಟು, ಮುಚ್ಚುಮರೆಯಿಲ್ಲದೆ, “ಅಕ್ಕಾ, ಇದು ಕಲ್ಲಲ್ಲ. ಇದನ್ನು ಕೂರಿಸಿದ ಕೈ ನಮ್ಮ ಅಪ್ಪನದು” ಎಂದು ಹೇಳಿದರು.

ಅಜ್ಜಿಯು ಬಹಳ ಹೊತ್ತು ಆ ತುಣುಕನ್ನು ನೋಡುತ್ತ ಕುಳಿತಳು. ಆಮೇಲೆ, “ನನಗೆ ಗೊತ್ತುಂಟು, ಅಣ್ಣಾ. ತಂದವಳು ನಾನೇ” ಎಂದಳು.

೧೯೭೨ರ ಬರಗಾಲವು ಆ ಸೀಮೆಯ ಹಿರಿಯರಿಗೆ ಇನ್ನೂ ನೆನಪಿದೆ. ಬಿತ್ತಿದ ಜೋಳವು ಮೇಲೇಳಲಿಲ್ಲ. ದನಗಳನ್ನು ಸಿಕ್ಕ ಬೆಲೆಗೆ ಮಾರಿದರು. ಗೇಣಿಗರೂ ಹೊಲದ ಒಡೆಯರೂ ಒಟ್ಟಿಗೆ ಕುಳಿತು ಸರಕಾರದ ಕಾಮಗಾರಿಯಲ್ಲಿ ರಸ್ತೆಯ ಜಲ್ಲಿಯನ್ನು ಒಡೆದರು. ಅಜ್ಜಿಯು ಆಗ ಇಪ್ಪತ್ತು ವರ್ಷದ ಸೊಸೆ. ಅತ್ತೆಯು ಮದುವೆಯಲ್ಲಿ ತನ್ನ ನಡುವಿನಿಂದ ಬಿಚ್ಚಿ ಸೊಸೆಯ ನಡುವಿಗೆ ಕಟ್ಟಿದ ಆ ಡಾಬು ಬೇರೊಂದು ಊರಿನಲ್ಲಿ ಒತ್ತೆ ಬಿದ್ದಿತು. ಬಂದ ಹಣವು ಮನೆಯ ಹನ್ನೊಂದು ಹೊಟ್ಟೆಗಳಿಗೆ ಜೋಳವಾಯಿತು. ಮಳೆ ಬಂದು ಬೆಳೆ ಕೈಗೆ ಹತ್ತಿದ ಮೇಲೆ ಗಂಡನು ಹೋಗಿ ಬಿಡಿಸಿಕೊಂಡು ಬಂದನು. ಅವಳು ಅದನ್ನು ಕೈಗೆ ತೆಗೆದುಕೊಂಡು ನೋಡಿದಾಗ ಐದು ಗೂಡುಗಳಲ್ಲಿ ಒಂದು ಬರಿದಾಗಿದ್ದಿತು.

ಕಲ್ಲು ಒತ್ತೆ ಹಿಡಿದವನ ಪೆಟ್ಟಿಗೆಯಲ್ಲಿ ಉದುರಿತೋ, ದಾರಿಯಲ್ಲಿ ಬಿದ್ದಿತೋ, ಯಾರಾದರೂ ತೆಗೆದರೋ, ಎಂದಿಗೂ ತಿಳಿಯಲಿಲ್ಲ. ಅತ್ತೆಯು ಕಂಡರೆ ಮಗನ ಮೇಲೆ ಸಂಶಯ. ಮಗನು ಕಂಡರೆ ಹೆಂಡತಿಯ ತವರಿನ ಮೇಲೆ ಸಂಶಯ. ಬರ ಬಿದ್ದ ಮನೆಯಲ್ಲಿ ಎಲ್ಲಕ್ಕೂ ಕೊರತೆಯಾದರೂ ಸಂಶಯಕ್ಕೆ ಕೊರತೆಯಿರುವದಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆಯ ನೆವದಿಂದ ಅವಳು ನಗರಕ್ಕೆ ಬಂದು, ಡಾಬನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಈ ಕಟ್ಟೆಯ ಮೇಲೆಯೇ ಕುಳಿತು ಅತ್ತಳು. ಅಂಥದೇ ಕಲ್ಲನ್ನು ಕೊಳ್ಳಲು ಅವಳ ಹತ್ತಿರ ಹಣವಿರಲಿಲ್ಲ. ಹಿರಿಯ ಪತ್ತಾರರು ಸುಮ್ಮನೆ ಕೇಳಿಕೊಂಡು, ಒಂದು ಗಂಟೆ ಕೆಲಸಮಾಡಿ, ಗಾಜಿನ ತುಣುಕನ್ನು ಕೂರಿಸಿ ಕೊಟ್ಟರು. ಕೂಲಿಯನ್ನು ತೆಗೆದುಕೊಳ್ಳಲಿಲ್ಲ. “ಮಗಳೇ, ಈಗ ನಿನ್ನ ಮನೆಗೆ ಶಾಂತಿ ಬೇಕು, ಅದಕ್ಕೆ ಇದನ್ನು ಮಾಡಿದ್ದೇನೆ. ಇದನ್ನು ನೀನು ಇನ್ನೊಬ್ಬರ ಕೈಗೆ ಕೊಡುವ ದಿನ ಮಾತ್ರ ನಿಜವನ್ನು ಹೇಳಬೇಕು” ಎಂದಷ್ಟೇ ಹೇಳಿ ಕಳಿಸಿದರು.

“ಅತ್ತೆ ಹೋದರು, ಅವರೂ ಹೋದರು. ಯಾರಿಗೂ ಹೇಳಲಿಲ್ಲ. ನನ್ನ ಪಾಲಿಗೆ ಅದನ್ನೇ ಇಟ್ಟುಕೊಂಡರೆ ಹೇಳುವ ಪ್ರಸಂಗವೇ ಬರುವದಿಲ್ಲವೆಂದು ಲೆಕ್ಕ ಹಾಕಿದ್ದೆ” ಎಂದು ಅಜ್ಜಿಯು ಹೇಳಿದಳು. “ಯಾವದೆಂದು ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಚಳಿಗಾಲದಲ್ಲಿ ನಾಲ್ಕು ಕಲ್ಲು ಬೆರಳಿಗೆ ಚುರ್ರೆನ್ನುತ್ತಿದ್ದವು. ಇದೊಂದು 'ನಾನಲ್ಲ' ಎನ್ನುತ್ತಿತ್ತು.”

ಪತ್ತಾರರು ಏನೂ ಹೇಳದೆ ಬಿಲ್ಲೆಯನ್ನೂ ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟರು. ಅಜ್ಜಿಗೆ ಓದು ಬಾರದು. ಅವರೇ ಆ ಎರಡು ಅಕ್ಷರಗಳನ್ನು ಓದಿ ಹೇಳಿದರು. ಐವತ್ತು ವರ್ಷ ತಾನೊಬ್ಬಳೇ ಹೊತ್ತಿದ್ದೆನೆಂದು ತಿಳಿದಿದ್ದ ಮಾತನ್ನು ಆ ಬೆಳ್ಳಿಯೂ ಹೊತ್ತಿದ್ದಿತೆಂದು ಕೇಳಿ ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಕಟ್ಟೆಯ ಮೇಲೆ ಉಂಗುರದ ಸಲುವಾಗಿ ಕಾಯುತ್ತಿದ್ದ ಸಾಹೇಬರು ಮುಖವನ್ನು ಬೀದಿಯ ಕಡೆಗೆ ತಿರುಗಿಸಿ ಕುಳಿತರು.

ಇಂದು ಬೆಳ್ಳಿಗೆ ಸರಕಾರದ ಮಾನ್ಯತೆಯ ಮುದ್ರೆಯುಂಟು. ೯೨೫ ಎಂದು ಒತ್ತಿದ್ದರೆ ಸಾವಿರ ಪಾಲಿನಲ್ಲಿ ೯೨೫ ಪಾಲು ಶುದ್ಧ ಬೆಳ್ಳಿಯೆಂದು ತಿಳಿಯಬೇಕು. ಅಜ್ಜಿಯ ಮೊಮ್ಮಕ್ಕಳು ಆ ಮುದ್ರೆಯನ್ನೇ ಕೇಳುವವರು. ಕೇಳುವದು ಯೋಗ್ಯವೂ ಹೌದು. ಮುತ್ತಜ್ಜಿಯ ಕಾಲದ ರೂಪಾಯಿಯ ಬೆಳ್ಳಿ ೯೧೭ ಇದ್ದಿತೆಂಬದನ್ನು ಕೇಳಿದರೆ ಅವರಿಗೆ ಆಶ್ಚರ್ಯವಾದೀತು. ಆದರೆ ಆ ಮುದ್ರೆಯು ಲೋಹದ ಮಾತನ್ನಷ್ಟೇ ಹೇಳುವದು. ಕಲ್ಲಿನ ವಿಷಯದಲ್ಲಿ ಅದು ಮೌನವಾಗಿರುವದು. ಕಲ್ಲಿಗೆ ಪ್ರಯೋಗಶಾಲೆಯ ಪತ್ರ ಬೇರೆ ಬೇಕು. ೧೯೦೨ರಲ್ಲಿ ಫ್ರಾನ್ಸಿನ ಒಗ್ಯೂಸ್ತ್ ವೆರ್ನ್ಯೂಯಿ ಎಂಬ ರಸಾಯನಶಾಸ್ತ್ರಜ್ಞನು ಮಾಣಿಕ್ಯವನ್ನೇ ಕುಲುಮೆಯಲ್ಲಿ ಬೆಳೆಸುವ ಕ್ರಮವನ್ನು ಪ್ರಕಟಿಸಿದನು. ಅಂದಿನಿಂದ ಕಾಠಿಣ್ಯದ ಪರೀಕ್ಷೆಗೂ ಸಿಕ್ಕದ ಕೃತಕ ಕಲ್ಲುಗಳು ಪೇಟೆಗೆ ಬಂದಿವೆ. ಇವನ್ನು ಕೃತಕವೆಂದು ಹೇಳಿ ಮಾರಿದರೆ ದೋಷವಿಲ್ಲ. ಹೇಳದೆ ಮಾರಿದರೆ ದೋಷ. ಮುದ್ರೆ, ಪತ್ರ ಎರಡೂ ಕೊಳ್ಳುವವನ ಕಣ್ಣಿಗೆ ಕಾಣುವ ಸಾಕ್ಷಿಗಳು. ಯಾರೂ ನೋಡದ ಕಡೆಯಲ್ಲಿ, ನೋಡುವವನು ಎಂದು ಬಂದಾನೆಂಬ ನಿಶ್ಚಯವಿಲ್ಲದೆ, ಅರಗಿನ ಕೆಳಗೆ ಗೀರಿಟ್ಟ ಎರಡು ಅಕ್ಷರಗಳು ಬೇರೊಂದು ಜಾತಿಯ ಸಾಕ್ಷಿ. ಆ ದಿನ ಹಿರಿಯ ಪತ್ತಾರರು ಎರಡು ಧರ್ಮಗಳ ನಡುವೆ ಸಿಕ್ಕಿದ್ದರು. ಎದುರಿಗೆ ಅಳುವ ಸೊಸೆಗೆ ಆಸರೆ ಕೊಡುವದೊಂದು, ಕಸಬಿನ ಸತ್ಯವನ್ನು ಉಳಿಸುವದೊಂದು. ಅವರು ಕಲ್ಲಿನ ಎದೆಯನ್ನು ಅವಳಿಗೆ ಕೊಟ್ಟರು; ಬೆನ್ನನ್ನು ಸತ್ಯಕ್ಕೆ ಇಟ್ಟರು.

ಕೆಲಸವು ಗೌರಿಯ ಹಬ್ಬಕ್ಕೆ ಮುಗಿಯಿತು. ಪದಕಗಳೆರಡರಲ್ಲಿಯೂ ಪತ್ತಾರರು ಗೂಡಿನ ತಳವನ್ನು ತೆರೆದೇ ಬಿಟ್ಟರು. ಅರಗೂ ಇಲ್ಲ, ತಗಡೂ ಇಲ್ಲ. ಬೆಳಕು ಹಿಂದಿನಿಂದ ಹಾಯ್ದು ಬರುವದರಿಂದ ಆ ಕಲ್ಲುಗಳ ದಾಳಿಂಬದ ಬಣ್ಣವು ಮುಂಚಿನಷ್ಟು ಉರಿಯುವದಿಲ್ಲ, ಆದರೆ ತಿಳಿಯಾಗಿ ಕಾಣುವದು. ಹುಡುಗಿಯರು ತಿರುಗಿಸಿ ನೋಡಿದರೆ ಅವಕ್ಕೆ ಬೆನ್ನೂ ಉಂಟು. ಅಜ್ಜಿಯ ಉಂಗುರಕ್ಕೆ ಮಾತ್ರ ಅವರು ಹೊಸ ಗೂಡನ್ನು ಮಾಡಲಿಲ್ಲ. ಬಿಲ್ಲೆಯಿಂದ ಆ ಐದನೆಯ ಗೂಡನ್ನೇ ಗೀರಿದ ತಳದೊಡನೆ ಕತ್ತರಿಸಿ, ಬಳೆಗೆ ಬೆಸೆದು, ಆ ಗಾಜನ್ನೇ ಮತ್ತೆ ಕೂರಿಸಿದರು. ಒಂದು ಗಾರ್ನೆಟ್ಟನ್ನು ತಮ್ಮ ಖರ್ಚಿನಿಂದ ಹಾಕಿಕೊಡುವೆನೆಂದು ಮೊದಲು ಕೇಳಿದ್ದರು. “ಬೇಡ, ಅಣ್ಣಾ. ಇಷ್ಟು ವರ್ಷ ನನ್ನ ಮಾತನ್ನು ಇಟ್ಟುಕೊಂಡದ್ದು ಇದು” ಎಂದು ಅಜ್ಜಿಯು ಒಪ್ಪಲಿಲ್ಲ.

ಅವಳು ಸರಪಳಿಗಳ ಕೂಲಿಯನ್ನೂ ಪದಕಗಳ ಕೂಲಿಯನ್ನೂ ಎಣಿಸಿ ಕೊಟ್ಟಳು. ಉಂಗುರದ ಕೂಲಿಯನ್ನು ಪತ್ತಾರರು ತೆಗೆದುಕೊಳ್ಳಲಿಲ್ಲ. ಅದು ಅಂಗಡಿಯಲ್ಲಿ ಮೊದಲೇ ಗೊತ್ತಾದ ದರವೆಂದು ಹೇಳಿದರು. ಅಜ್ಜಿಯು ಮೊದಲು ಬಬಲೇಶ್ವರದ ಬಸ್ಸನ್ನು ಹಿಡಿದಳು. ತಿಕೋಟಾಕ್ಕೆ ಸಂಜೆ ಹೋದರೂ ಆದೀತು. ಮಗಳ ಮನೆಯಲ್ಲಿ ಕುಳಿತು ಹೇಳಬೇಕಾದ ಮಾತು ಒಂದು ಇದ್ದಿತು, ಅದನ್ನು ಎರಡು ಮನೆಗಳಲ್ಲಿಯೂ ಅದೇ ದಿನವೇ ಹೇಳಿ ಮುಗಿಸಬೇಕೆಂದು ಅವಳು ನಿಶ್ಚಯಿಸಿದ್ದಳು.